ಕುತ್ತಿಗೆಯಲ್ಲಿ ಸಿಗದ ಗಡ್ಡೆಯನ್ನು ಎಲ್ಲಿ ಹುಡುಕಬೇಕು?

ಪ್ರಶ್ನೆ: ನಾವು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಇರುವವರು, ಊರು ಕುಂದಾಪುರದ ಕಡೆ. ನನ್ನ ತಾಯಿಗೆ 58 ವರ್ಷ. ಅವರಿಗೆ ಎರಡು ಸಲ ಕಿಡ್ನಿ ಸ್ಟೋನ್ ಆಗಿದೆ. ಕಳೆದ ವರ್ಷ ಬಚ್ಚಲಿನಲ್ಲಿ ಜಾರಿ ಮಣಿಕಟ್ಟಿನ ಮೂಳೆ ಮುರಿಯಿತು. ಆಗ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಕ್ಯಾಲ್ಸಿಯಂ 12.1, ಪಿಟಿಎಚ್ (ಪ್ಯಾರಾಥೈರಾಯ್ಡ್ ಗ್ರಂಥಿಗಳು ಸ್ರವಿಸುವ, ರಕ್ತದ ಕ್ಯಾಲ್ಸಿಯಂ ಏರಿಸುವ ಹಾರ್ಮೋನ್) 312 ಎಂದು ಬಂತು. ಪ್ಯಾರಾಥೈರಾಯ್ಡ್ ಗಡ್ಡೆ ಇರಬೇಕೆಂದು ಎಂಟು ತಿಂಗಳ ಹಿಂದೆ ಕುತ್ತಿಗೆಯ ಆಪರೇಷನ್ ಮಾಡಿದರು, ಆದರೆ ಗಡ್ಡೆ ಸಿಗಲಿಲ್ಲ. ಕ್ಯಾಲ್ಸಿಯಂ ಈಗಲೂ 11.9 ಇದೆ. ಈಗ ತೋರಿಸುತ್ತಿರುವ ಡಾಕ್ಟರು ಸೆಸ್ಟಮಿಬಿ ಸ್ಪೆಕ್ಟ್-ಸಿಟಿ ಮಾಡಿಸಲು ಹೇಳಿದ್ದಾರೆ. ಆಪರೇಷನ್ನಿಗೆ ಮೊದಲೇ ಸೋನೋಗ್ರಫಿ ಮತ್ತು ಒಂದು ನ್ಯೂಕ್ಲಿಯರ್ ಸ್ಕ್ಯಾನ್ ಆಗಿತ್ತಲ್ಲ, ಮತ್ತೆ ಇದು ಏಕೆ? ವಿಕಿರಣದ ಭಯವೂ ಇದೆ, ಮನೆಯಲ್ಲಿ ಎರಡು ವರ್ಷದ ಮಗು ಇದೆ. ಕ್ಯಾಲ್ಸಿಯಂ ಹೆಚ್ಚಿರುವುದರಿಂದ ಅಮ್ಮನಿಗೆ ರಾಗಿ, ಹಾಲು ಎಲ್ಲ ನಿಲ್ಲಿಸಿದ್ದೇವೆ. ಇದು ಸರಿಯೇ?

ಉತ್ತರ: ನಿಮ್ಮ ಪತ್ರದ ಜೊತೆಗಿದ್ದ ಡಿಸ್ಚಾರ್ಜ್ ಕಾಗದಗಳನ್ನು ಎರಡು ಸಲ ಓದಿದೆ. ಅವುಗಳಲ್ಲಿ ಶಸ್ತ್ರಚಿಕಿತ್ಸಕರು ಬರೆದಿರುವ ಒಂದು ಸಾಲು ಹೀಗಿದೆ: ಬಲಭಾಗದ ಎರಡು ಗ್ರಂಥಿಗಳೂ ಎಡಭಾಗದ ಮೇಲಿನ ಗ್ರಂಥಿಯೂ ಸಹಜವಾಗಿ ಕಂಡವು, ಎಡಭಾಗದ ಕೆಳಗಿನ ಗ್ರಂಥಿ ಸಿಗಲಿಲ್ಲ. ಈ ಸಾಲನ್ನು ಓದಿ ನಿಮಗೆ ನಿರಾಶೆಯಾಗಿರುವುದು ಸಹಜ. ನನಗೆ ಮಾತ್ರ ಇಡೀ ಕಡತದಲ್ಲಿ ಅತ್ಯಂತ ಬೆಲೆಯುಳ್ಳದ್ದು ಅದೇ ಸಾಲು, ಏಕೆಂದರೆ ಯಾವ ಗ್ರಂಥಿ ತನ್ನ ಜಾಗದಲ್ಲಿಲ್ಲ ಎಂಬುದನ್ನು ಅದು ಸ್ಪಷ್ಟವಾಗಿ ಹೇಳುತ್ತದೆ. ಮುಂದಿನ ಹುಡುಕಾಟ ಅಲ್ಲಿಂದಲೇ ಆರಂಭವಾಗಬೇಕು.

ಮೊದಲು ಒಂದು ಗೊಂದಲವನ್ನು ಬಿಡಿಸಬೇಕು. ಸ್ಕ್ಯಾನ್‌ನಿಂದ ಈ ರೋಗ ಇದೆಯೋ ಇಲ್ಲವೋ ಎಂದು ತೀರ್ಮಾನ ಮಾಡುವುದಿಲ್ಲ. ಆ ತೀರ್ಮಾನ ರಕ್ತ ಮತ್ತು ಮೂತ್ರದ ಪರೀಕ್ಷೆಯಲ್ಲಿಯೇ ಆಗಬೇಕು. ರಕ್ತದಲ್ಲಿ ಕ್ಯಾಲ್ಸಿಯಂ ಏರಿದಾಗ ಆರೋಗ್ಯವಂತರ ಪ್ಯಾರಾಥೈರಾಯ್ಡ್ ಗ್ರಂಥಿಗಳು ಕೆಲಸ ನಿಲ್ಲಿಸಿ ಸುಮ್ಮನಾಗುತ್ತವೆ, ಪಿಟಿಎಚ್ ಇಳಿಯುತ್ತದೆ. ನಿಮ್ಮ ತಾಯಿಯವರಲ್ಲಿ ಕ್ಯಾಲ್ಸಿಯಂ 12ರ ಆಸುಪಾಸಿನಲ್ಲಿದ್ದರೂ ಪಿಟಿಎಚ್ 312 ಇದೆ. ಹೆಚ್ಚಿನ ಪ್ರಯೋಗಾಲಯಗಳಲ್ಲಿ ಇದರ ಸಹಜ ಮಿತಿ 65ರ ಒಳಗೆ. ವಿಟಮಿನ್ ಡಿ ಕೊರತೆಯಿಂದಲೂ ಪಿಟಿಎಚ್ ಏರುವುದುಂಟು, ನಮ್ಮಲ್ಲಿ ಆ ಕೊರತೆ ಬಹಳ ಮಂದಿಗಿದೆ. ಆದರೆ ಅಂಥವರಲ್ಲಿ ಕ್ಯಾಲ್ಸಿಯಂ ಸಹಜವಾಗಿಯೋ ಕಡಿಮೆಯೋ ಇರುತ್ತದೆ, ಏರಿರುವುದಿಲ್ಲ. 24 ಗಂಟೆಯ ಮೂತ್ರದಲ್ಲಿ ಕ್ಯಾಲ್ಸಿಯಂ ಎಷ್ಟು ಹೋಗುತ್ತದೆ ಎಂಬುದನ್ನೂ ನೋಡಿದ್ದಾರೆ, ಅದು ಹೆಚ್ಚಾಗಿಯೇ ಇದೆ. ಹಾಗಾಗಿ ಶಸ್ತ್ರಚಿಕಿತ್ಸೆಯ ಅಗತ್ಯವೇ ಇಲ್ಲದ, ವಂಶಪಾರಂಪರ್ಯವಾಗಿ ಬರುವ ಇನ್ನೊಂದು ಸ್ಥಿತಿಯನ್ನು ಇಲ್ಲಿ ಬಿಟ್ಟುಬಿಡಬಹುದು. ರೋಗ ಇದೆ ಎಂಬುದರಲ್ಲಿ ಸಂಶಯವಿಲ್ಲ. ಅದು ಎಲ್ಲಿದೆ ಎಂಬುದಷ್ಟೇ ಉಳಿದಿರುವ ಪ್ರಶ್ನೆ.

ಈ ಗ್ರಂಥಿಗಳು ಸಾಮಾನ್ಯವಾಗಿ ನಾಲ್ಕು. ಒಂದೊಂದೂ ತೊಗರಿಬೇಳೆಯಷ್ಟು ದೊಡ್ಡದು, ತೂಕ ಸುಮಾರು 40 ಮಿಲಿಗ್ರಾಂ. ಥೈರಾಯ್ಡಿನ ಹಿಂಭಾಗದಲ್ಲಿ ಕೊಬ್ಬಿನ ಬಣ್ಣಕ್ಕೆ ಹತ್ತಿರವಾದ ಬಣ್ಣದಲ್ಲಿ ಅಡಗಿರುತ್ತವೆ. ಶತಮಾನಗಳಿಂದ ಮನುಷ್ಯದೇಹವನ್ನು ಸೀಳಿ ನೋಡುತ್ತಾ ಬಂದ ಅಂಗರಚನಾಶಾಸ್ತ್ರಜ್ಞರ ಕಣ್ಣಿಗೂ ಇವು ಬಹುಕಾಲ ಬಿದ್ದಿರಲಿಲ್ಲ. ಲಂಡನ್ನಿನ ಮೃಗಾಲಯದಲ್ಲಿ ಸತ್ತ ಭಾರತದ ಖಡ್ಗಮೃಗವೊಂದರಲ್ಲಿ ರಿಚರ್ಡ್ ಓವೆನ್ ಇದನ್ನು ಮೊದಲು ಗುರುತಿಸಿದರು. ಮನುಷ್ಯರಲ್ಲಿ ಇದನ್ನು ವಿವರಿಸಿದವರು ಸ್ವೀಡನ್ನಿನ ಐವಾರ್ ಸ್ಯಾಂಡ್‌ಸ್ಟ್ರೋಮ್, 1880ರಲ್ಲಿ.

ಜಾಗ ತಪ್ಪುವುದಕ್ಕೆ ಕಾರಣ ಗರ್ಭದಲ್ಲಿಯೇ ಇದೆ. ಈ ನಾಲ್ಕು ಗ್ರಂಥಿಗಳು ಈಗಿರುವ ಸ್ಥಳದಲ್ಲಿ ಹುಟ್ಟಿದವಲ್ಲ, ಭ್ರೂಣದ ಗಂಟಲಿನ ಮಡಿಕೆಗಳಲ್ಲಿ ಹುಟ್ಟಿ ಕೆಳಗೆ ಇಳಿದು ಬಂದವು. ಮೇಲಿನ ಎರಡು ನಾಲ್ಕನೆಯ ಮಡಿಕೆಯಿಂದ ಬರುತ್ತವೆ, ಅವುಗಳ ಪ್ರಯಾಣ ಚಿಕ್ಕದು. ಕೆಳಗಿನ ಎರಡು ಮೂರನೆಯ ಮಡಿಕೆಯಿಂದ, ಥೈಮಸ್ ಎಂಬ ಇನ್ನೊಂದು ಗ್ರಂಥಿಯ ಜೊತೆಗೆ ಹೊರಡುತ್ತವೆ. ಥೈಮಸ್ ಎದೆಯ ಮೂಳೆಯ ಹಿಂದೆ, ಹೃದಯದ ಮುಂದೆ ಹೋಗಿ ನೆಲೆಸುತ್ತದೆ. ಜೊತೆಯಲ್ಲಿ ಬಂದ ಪ್ಯಾರಾಥೈರಾಯ್ಡ್ ಕುತ್ತಿಗೆಯಲ್ಲಿ ಇಳಿದುಕೊಳ್ಳಬೇಕು. ಕೆಲವರಲ್ಲಿ ಅದು ಇಳಿಯದೆ ಥೈಮಸ್ಸಿನ ಜೊತೆಗೇ ಎದೆಗೂಡಿನೊಳಗೆ ಹೋಗಿಬಿಡುತ್ತದೆ. ಇನ್ನು ಕೆಲವರಲ್ಲಿ ಹೊರಟ ಜಾಗದಲ್ಲಿಯೇ, ದವಡೆಯ ಕೋನದ ಹತ್ತಿರ ಉಳಿದುಬಿಡುತ್ತದೆ. ಆದ್ದರಿಂದ ಕಾಣೆಯಾದ ಕೆಳಗಿನ ಗ್ರಂಥಿಯನ್ನು ದವಡೆಯಿಂದ ಹೃದಯದವರೆಗೆ ಎಲ್ಲಿ ಬೇಕಾದರೂ ನಿರೀಕ್ಷಿಸಬಹುದು. ಮೇಲಿನ ಗ್ರಂಥಿ ತಪ್ಪಿಸಿಕೊಂಡರೆ ಅದು ಹೆಚ್ಚಾಗಿ ಹಿಂದಕ್ಕೆ, ಅನ್ನನಾಳದ ಪಕ್ಕಕ್ಕೋ ಅದರ ಹಿಂದಕ್ಕೋ ಸರಿದಿರುತ್ತದೆ. ಥೈರಾಯ್ಡಿನ ಒಳಗೇ ಹುದುಗಿರುವುದೂ, ಕುತ್ತಿಗೆಯ ದೊಡ್ಡ ರಕ್ತನಾಳದ ಹೊದಿಕೆಯೊಳಗೆ ಸೇರಿಕೊಂಡಿರುವುದೂ ಅಪರೂಪವಾಗಿ ಉಂಟು. ನಿಮ್ಮ ತಾಯಿಯವರಲ್ಲಿ ಸಿಗದೆ ಇರುವುದು ಎಡಭಾಗದ ಕೆಳಗಿನ ಗ್ರಂಥಿ. ಸ್ಕ್ಯಾನ್ ಮಾಡುವ ಮೊದಲೇ ನನ್ನನ್ನು ಕೇಳಿದರೆ, ಮೊದಲು ಥೈಮಸ್ಸನ್ನು ನೋಡಿ ಎಂದೇ ಹೇಳುತ್ತೇನೆ.

ನಕ್ಷೆಯಿಲ್ಲದೆ ಹುಡುಕಿದರೆ ಏನಾಗುತ್ತದೆ ಎಂಬುದಕ್ಕೆ ಈ ಶಾಸ್ತ್ರದಲ್ಲಿ ಎಲ್ಲರೂ ನೆನೆಯುವ ಒಬ್ಬ ರೋಗಿ ಇದ್ದಾರೆ. ಅಮೆರಿಕದ ಹಡಗಿನ ಕ್ಯಾಪ್ಟನ್ ಚಾರ್ಲ್ಸ್ ಮಾರ್ಟೆಲ್. ಇದೇ ರೋಗದಿಂದ ಅವರ ಮೂಳೆಗಳು ಮೆತ್ತಗಾಗಿ, ಮತ್ತೆ ಮತ್ತೆ ಮುರಿದು, ಎತ್ತರವೇ ಕುಗ್ಗಿಹೋಗಿತ್ತು. ಕುತ್ತಿಗೆಯನ್ನು ಪದೇ ಪದೇ ತೆರೆದರೂ ಏನೂ ಸಿಗಲಿಲ್ಲ. 1932ರಲ್ಲಿ, ಏಳನೆಯ ಶಸ್ತ್ರಚಿಕಿತ್ಸೆಯಲ್ಲಿ, ಗಡ್ಡೆ ಎದೆಗೂಡಿನೊಳಗೆ ಸಿಕ್ಕಿತು. ಅಷ್ಟು ಹೊತ್ತಿಗೆ ಅವರ ಮೂತ್ರಪಿಂಡಗಳು ಕೆಟ್ಟಿದ್ದವು, ಕೆಲವೇ ವಾರಗಳಲ್ಲಿ ಅವರು ತೀರಿಕೊಂಡರು. ಆ ಕಾಲದ ವೈದ್ಯರ ಕೈಯಲ್ಲಿ ಸ್ಕ್ಯಾನ್ ಇರಲಿಲ್ಲ. ಇಂದು ಅದು ಇರುವಾಗ, ಒಮ್ಮೆ ತೆರೆದು ಹೊಲಿದ ಕುತ್ತಿಗೆಯನ್ನು ಎರಡನೆಯ ಸಲ ಊಹೆಯ ಮೇಲೆ ತೆರೆಯುವುದನ್ನು ನಾನು ಯಾವ ರೋಗಿಗೂ ಒಪ್ಪುವುದಿಲ್ಲ. ಹಳೆಯ ಗಾಯದ ಕಲೆಗಟ್ಟಿದ ಅಂಗಾಂಶದಲ್ಲಿ ಧ್ವನಿಯ ನರವನ್ನು ಗುರುತಿಸುವುದು ಮೊದಲಿನಷ್ಟು ಸುಲಭವಲ್ಲ, ಅದಕ್ಕೆ ಪೆಟ್ಟಾದರೆ ಸ್ವರ ಒಡೆಯುತ್ತದೆ.

ಈಗ ಸ್ಕ್ಯಾನಿನ ವಿಷಯಕ್ಕೆ ಬರೋಣ. ಸೆಸ್ಟಮಿಬಿ ಎಂಬುದು ಟೆಕ್ನೀಷಿಯಂ-99ಎಂ ಎಂಬ ವಿಕಿರಣಶೀಲ ಧಾತುವಿಗೆ ಜೋಡಿಸಿದ ಔಷಧ. ಅದನ್ನು ಸಿದ್ಧಪಡಿಸಿದ್ದು ಹೃದಯದ ರಕ್ತಸಂಚಾರವನ್ನು ನೋಡುವುದಕ್ಕಾಗಿ. ಪ್ಯಾರಾಥೈರಾಯ್ಡ್ ಗಡ್ಡೆಗಳೂ ಅದನ್ನು ಹೀರಿಕೊಳ್ಳುತ್ತವೆ ಎಂಬುದು ವರದಿಯಾದದ್ದು 1989ರಲ್ಲಿ. ಜೀವಕೋಶದೊಳಗೆ ಶಕ್ತಿಯನ್ನು ತಯಾರಿಸುವ ಮೈಟೊಕಾಂಡ್ರಿಯಗಳು ಎಲ್ಲಿ ದಟ್ಟವಾಗಿವೆಯೋ ಅಲ್ಲಿ ಈ ಔಷಧ ನಿಲ್ಲುತ್ತದೆ. ಪ್ಯಾರಾಥೈರಾಯ್ಡ್ ಗಡ್ಡೆಯಲ್ಲಿ ಅಂಥ ಕೋಶಗಳು ಹೆಚ್ಚು. ಥೈರಾಯ್ಡ್ ಕೂಡ ಔಷಧವನ್ನು ಮೊದಲು ಎಳೆದುಕೊಳ್ಳುತ್ತದೆ, ಆದರೆ ಬೇಗ ಬಿಟ್ಟುಕೊಡುತ್ತದೆ. ಹಾಗಾಗಿ ಇಂಜೆಕ್ಷನ್ ಕೊಟ್ಟು ಹದಿನೈದು ನಿಮಿಷಕ್ಕೆ ಒಂದು ಚಿತ್ರ, ಎರಡು ಗಂಟೆಯ ಆಸುಪಾಸಿನಲ್ಲಿ ಇನ್ನೊಂದು ಚಿತ್ರ ತೆಗೆಯುತ್ತೇವೆ. ಥೈರಾಯ್ಡ್ ಮಂಕಾದ ಮೇಲೆಯೂ ಬೆಳಗುತ್ತಿರುವ ಚುಕ್ಕೆ ಇದ್ದರೆ ಅದರ ಮೇಲೆ ಅನುಮಾನ.

ನಿಮ್ಮ ತಾಯಿಯವರಿಗೆ ಮೊದಲು ಆಗಿದ್ದು ಇಷ್ಟೇ, ಮುಂದಿನಿಂದ ತೆಗೆದ ಚಪ್ಪಟೆ ಚಿತ್ರ. ಕಡಲ ತೀರದವರಾದ ನಿಮಗೆ ಒಂದು ಹೋಲಿಕೆ ಕೊಡುತ್ತೇನೆ. ರಾತ್ರಿ ದಡದಲ್ಲಿ ನಿಂತು ನೋಡಿದರೆ ದೋಣಿಯ ದೀಪ ಕಾಣುತ್ತದೆ, ಯಾವ ದಿಕ್ಕಿನಲ್ಲಿದೆ ಎಂದೂ ತಿಳಿಯುತ್ತದೆ. ಎಷ್ಟು ದೂರದಲ್ಲಿದೆ, ಬಂಡೆಯ ಆಚೆಗೋ ಈಚೆಗೋ ಎಂಬುದು ತಿಳಿಯುವುದಿಲ್ಲ. ಚಪ್ಪಟೆ ಚಿತ್ರದಲ್ಲಿ ಎದೆಮೂಳೆಯ ಹಿಂದಿರುವ ಗಡ್ಡೆಯೂ ಬೆನ್ನೆಲುಬಿನ ಮುಂದಿರುವ ಗಡ್ಡೆಯೂ ಒಂದೇ ಚುಕ್ಕೆಯಾಗಿ ಕಾಣುತ್ತವೆ. ಇನ್ನೂ ಒಂದು ತೊಂದರೆಯಿದೆ. ಔಷಧ ಹೃದಯಕ್ಕಾಗಿ ಮಾಡಿದ್ದಾದ್ದರಿಂದ ಹೃದಯ ಪ್ರಖರವಾಗಿ ಬೆಳಗುತ್ತದೆ, ಅದರ ಬೆಳಕಿನಲ್ಲಿ ಪಕ್ಕದ ಸಣ್ಣ ಚುಕ್ಕೆ ಮುಚ್ಚಿಹೋಗುತ್ತದೆ. ಮೇಲೆ ದವಡೆಯ ಕೆಳಗಿನ ಜೊಲ್ಲುಗ್ರಂಥಿಗಳೂ ಹಾಗೆಯೇ. ಜಾಗ ತಪ್ಪಿದ ಗಡ್ಡೆಗಳು ಅಡಗುವುದು ಮುಖ್ಯವಾಗಿ ಈ ಎರಡು ಬೆಳಕುಗಳ ಮಗ್ಗುಲಿನಲ್ಲಿ ಎಂಬುದನ್ನು ಗಮನಿಸಿ.

ಸ್ಪೆಕ್ಟ್ ಎಂದರೆ, ಔಷಧ ಸೂಸುವ ವಿಕಿರಣವನ್ನು ಹಿಡಿಯುವ ಅದೇ ಗಾಮಾ ಕ್ಯಾಮೆರಾ ರೋಗಿಯ ಸುತ್ತ ನಿಧಾನವಾಗಿ ತಿರುಗುತ್ತಾ ಹಲವು ಕೋನಗಳಿಂದ ಚಿತ್ರ ಸಂಗ್ರಹಿಸುವುದು. ಕಂಪ್ಯೂಟರು ಅವನ್ನು ಸೇರಿಸಿ ಮೂರು ಆಯಾಮದ ಚಿತ್ರ ಕಟ್ಟುತ್ತದೆ. ಇದರಿಂದ ಆಳ ತಿಳಿಯುತ್ತದೆ. ಆದರೂ ಈ ಚಿತ್ರದಲ್ಲಿ ಅಂಗಗಳ ಅಂಚು ಕಾಣುವುದಿಲ್ಲ, ಕತ್ತಲೆಯಲ್ಲಿ ತೇಲುವ ಬೆಳಕಿನ ಉಂಡೆಗಳಷ್ಟೇ ಕಾಣುತ್ತವೆ. ಸಿಟಿಯ ಗುಣ ಇದಕ್ಕೆ ತಿರುಗುಮುರುಗು. ಶ್ವಾಸನಾಳ, ಮಹಾಪಧಮನಿ, ಎದೆಮೂಳೆ, ಥೈಮಸ್ಸಿನ ಕೊಬ್ಬು ಎಲ್ಲವನ್ನೂ ಅದು ಮಿಲಿಮೀಟರಿನ ಲೆಕ್ಕದಲ್ಲಿ ತೋರಿಸುತ್ತದೆ. ಆದರೆ ಅಲ್ಲಿ ಕಾಣುವ ಒಂದು ಸೆಂಟಿಮೀಟರಿನ ಗಂಟು ಪ್ಯಾರಾಥೈರಾಯ್ಡೋ, ಲಿಂಫ್ ಗಂಟೋ ಎಂದು ಹೇಳಲು ಅದಕ್ಕೆ ಬಾರದು. ರೋಗಿ ಒಂದೇ ಮಂಚದ ಮೇಲೆ, ಒಂದೇ ಭಂಗಿಯಲ್ಲಿ ಮಲಗಿರುವಾಗ ಎರಡನ್ನೂ ತೆಗೆದು ಒಂದರ ಮೇಲೊಂದು ಇರಿಸಿದಾಗ ಬೆಳಕಿಗೆ ವಿಳಾಸ ಸಿಗುತ್ತದೆ, ಗಂಟಿಗೆ ಹೆಸರು ಸಿಗುತ್ತದೆ. ಬೇರೆ ದಿನ, ಬೇರೆ ಕಡೆ ಮಾಡಿಸಿದ ಸಿಟಿಯನ್ನು ಪಕ್ಕದಲ್ಲಿಟ್ಟು ಹೋಲಿಸಿದರೆ ಈ ನಿಖರತೆ ಬರುವುದಿಲ್ಲ, ಏಕೆಂದರೆ ಗಲ್ಲ ಎರಡು ಬೆರಳು ಎತ್ತಿದರೂ ಕುತ್ತಿಗೆಯೊಳಗಿನ ಅಂಗಗಳು ಸರಿಯುತ್ತವೆ. ಪ್ರಕಟವಾದ ಅಧ್ಯಯನಗಳನ್ನು ಒಟ್ಟಾಗಿ ನೋಡಿದರೆ ಚಪ್ಪಟೆ ಚಿತ್ರ ನೂರು ಗಡ್ಡೆಗಳಲ್ಲಿ 60-70ನ್ನು ಪತ್ತೆ ಹಚ್ಚಿದರೆ ಸ್ಪೆಕ್ಟ್-ಸಿಟಿ 80ಕ್ಕೂ ಹೆಚ್ಚನ್ನು ಪತ್ತೆ ಹಚ್ಚುತ್ತದೆ. ಜಾಗ ತಪ್ಪಿದ ಗಡ್ಡೆಗಳಲ್ಲಿ ಸಂಖ್ಯೆಗಿಂತಲೂ ಮುಖ್ಯವಾದ ಲಾಭವೆಂದರೆ, ಗಡ್ಡೆ ಕಂಡರೆ ಅದು ಯಾವ ಅಂಗದ ಮುಂದೆ, ಯಾವುದರ ಹಿಂದೆ ಎಂದು ಶಸ್ತ್ರಚಿಕಿತ್ಸಕರಿಗೆ ಬೆರಳಿಟ್ಟು ತೋರಿಸಬಹುದು.

ಕೆಲವು ವರ್ಷಗಳ ಹಿಂದೆ ಪುಣೆಯಿಂದ ಹೋಟೆಲ್ ನಡೆಸುವ ನಮ್ಮ ಕಡೆಯವರೊಬ್ಬರು ಬಂದಿದ್ದರು. ಅವರಿಗೂ ಒಮ್ಮೆ ಕುತ್ತಿಗೆ ತೆರೆದು ಬರಿಗೈಯಲ್ಲಿ ಹೊಲಿದಿದ್ದರು. ಹಳೆಯ ಚಪ್ಪಟೆ ಚಿತ್ರದಲ್ಲಿ ಹೃದಯದ ಮೇಲಂಚಿಗೆ ಅಂಟಿದಂತೆ ಒಂದು ಉಬ್ಬು ಇತ್ತು, ವರದಿ ಬರೆದವರು ಅದನ್ನು ಹೃದಯದ ಭಾಗವೆಂದೇ ಎಣಿಸಿದ್ದರು. ಆ ಚಿತ್ರವೊಂದೇ ನನ್ನ ಮುಂದಿದ್ದರೆ ನಾನೂ ಖಚಿತವಾಗಿ ಬೇರೆ ಹೇಳಲಾರದೆ ಇರುತ್ತಿದ್ದೆ. ಸ್ಪೆಕ್ಟ್-ಸಿಟಿಯ ಪದರಗಳನ್ನು ಪರದೆಯ ಮೇಲೆ ಒಂದೊಂದಾಗಿ ಕೆಳಗಿಳಿಸುತ್ತಾ ಹೋದೆವು. ಕುತ್ತಿಗೆಯಲ್ಲಿ ಏನೂ ಇಲ್ಲ, ಕೊರಳುಮೂಳೆಯ ಮಟ್ಟದಲ್ಲಿ ಏನೂ ಇಲ್ಲ. ಮಹಾಪಧಮನಿಯ ಕಮಾನಿನ ಮಟ್ಟಕ್ಕೆ ಬಂದಾಗ, ಎದೆಮೂಳೆಗೂ ಮಹಾಪಧಮನಿಗೂ ನಡುವಿನ ಕೊಬ್ಬಿನಲ್ಲಿ ಒಂದು ಕಿತ್ತಳೆ ಬಣ್ಣದ ಚುಕ್ಕೆ ಹೊತ್ತಿಕೊಂಡಿತು. ಅದರ ಅಡಿಯಲ್ಲಿ ಸಿಟಿಯಲ್ಲಿ ಕಡಲೆಕಾಳಿಗಿಂತ ತುಸು ದೊಡ್ಡದಾದ, ಅಂಚು ನುಣುಪಾದ ಗಂಟು. ಇನ್ನೆರಡು ಪದರ ಕೆಳಗಿಳಿಸಿದರೆ ಚುಕ್ಕೆ ಆರಿಹೋಗಿ, ಬೇರೆಯಾಗಿ, ಹೃದಯ ಆರಂಭವಾಯಿತು. ಉಬ್ಬು ಹೃದಯದ್ದಲ್ಲ ಎಂದು ತೋರಿಸಿದ್ದು ನಡುವಿನ ಆ ಎರಡು ಕಪ್ಪು ಪದರಗಳು.

ಈ ಪರೀಕ್ಷೆಗೂ ಮಿತಿಗಳಿವೆ. ಗಡ್ಡೆ ತೀರಾ ಚಿಕ್ಕದಾಗಿದ್ದರೆ, ಒಂದರ ಬದಲು ಹಲವು ಗ್ರಂಥಿಗಳು ದಪ್ಪವಾಗಿದ್ದರೆ, ಗಡ್ಡೆಯಲ್ಲಿ ಮೈಟೊಕಾಂಡ್ರಿಯ ತುಂಬಿದ ಕೋಶಗಳು ಕಡಿಮೆಯಿದ್ದರೆ ಏನೂ ಕಾಣದೆ ಹೋಗಬಹುದು. ಥೈರಾಯ್ಡಿನ ಗಂಟು, ಲಿಂಫ್ ಗಂಟು ಇವು ಬೆಳಗಿ ದಾರಿ ತಪ್ಪಿಸುವುದೂ ಉಂಟು. ಸ್ಕ್ಯಾನಿನಲ್ಲಿ ಏನೂ ಕಾಣದಿದ್ದರೆ ರೋಗವಿಲ್ಲ ಎಂದು ದಯವಿಟ್ಟು ಭಾವಿಸಬೇಡಿ. ಹೀಗೆ ಭಾವಿಸಿ ಮನೆಯಲ್ಲಿ ಕುಳಿತು, ವರ್ಷಗಳ ನಂತರ ಸೊಂಟದ ಮೂಳೆ ಮುರಿದುಕೊಂಡು ಬಂದವರನ್ನು ನಾನು ಕಂಡಿದ್ದೇನೆ. ಆಗ ಮುಂದಿನ ದಾರಿಗಳಿವೆ. ಫ್ಲೋರೋಕೋಲಿನ್ ಪೆಟ್-ಸಿಟಿ ಎಂಬ ಇನ್ನೊಂದು ಸ್ಕ್ಯಾನ್ ಚಿಕ್ಕ ಗಡ್ಡೆಗಳನ್ನು ಹಿಡಿಯುವುದರಲ್ಲಿ ಸೆಸ್ಟಮಿಬಿಗಿಂತ ಚುರುಕು. ಅದರಲ್ಲಿ ಬಳಸುವ ಫ್ಲೋರಿನ್-18ರ ಅರ್ಧಾಯುಷ್ಯ, ಅಂದರೆ ಅದು ಅರ್ಧಕ್ಕೆ ಇಳಿಯುವ ಕಾಲ, 110 ನಿಮಿಷ ಮಾತ್ರ, ಆದ್ದರಿಂದ ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಯಂತ್ರ ಹತ್ತಿರದಲ್ಲಿಯೇ ಇರಬೇಕು. ದೇಶದ ಮೊದಲ ವೈದ್ಯಕೀಯ ಸೈಕ್ಲೋಟ್ರಾನ್ ಕೆಲಸ ಆರಂಭಿಸಿದ್ದು 2002ರಲ್ಲಿ ನಮ್ಮ ಪರೇಲ್‌ನಲ್ಲಿರುವ ರೇಡಿಯೇಷನ್ ಮೆಡಿಸಿನ್ ಸೆಂಟರಿನಲ್ಲಿ. ಈ ವಿಷಯದಲ್ಲಿ ಮುಂಬೈಯವರು ಅದೃಷ್ಟವಂತರು. ಬಣ್ಣದ ಔಷಧ (ಕಾಂಟ್ರಾಸ್ಟ್) ಕೊಟ್ಟು ಹಲವು ಹಂತಗಳಲ್ಲಿ ತೆಗೆಯುವ ಫೋರ್-ಡಿ ಸಿಟಿ ಇನ್ನೊಂದು ದಾರಿ. ನಿಮ್ಮ ತಾಯಿಯವರಿಗೆ ಮೂತ್ರಪಿಂಡದ ತೊಂದರೆ ಇರುವುದರಿಂದ ಅದಕ್ಕೆ ಮೊದಲು ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ನೋಡಲೇಬೇಕು. ಸ್ಪೆಕ್ಟ್-ಸಿಟಿಯಲ್ಲಿ ಸಾಮಾನ್ಯವಾಗಿ ಆ ಬಣ್ಣದ ಔಷಧವನ್ನು ಕೊಡುವುದಿಲ್ಲ, ಹಾಗಾಗಿ ಕಿಡ್ನಿಗೆ ಅದರಿಂದ ಭಾರವಿಲ್ಲ.

ವಿಕಿರಣದ ಬಗ್ಗೆ ನಿಮ್ಮ ಭಯಕ್ಕೆ ನೇರವಾಗಿ ಉತ್ತರಿಸುತ್ತೇನೆ. ಸೆಸ್ಟಮಿಬಿಯಿಂದ ದೇಹಕ್ಕೆ ಸುಮಾರು 6ರಿಂದ 8 ಮಿಲಿಸೀವರ್ಟ್, ಜೊತೆಗಿನ ಕಡಿಮೆ ಪ್ರಮಾಣದ ಸಿಟಿಯಿಂದ ಇನ್ನಷ್ಟು ಸ್ವಲ್ಪ ಸೇರುತ್ತದೆ. ಭೂಮಿ, ಗಾಳಿ, ಆಕಾಶದಿಂದ ನಮ್ಮೆಲ್ಲರಿಗೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ತಗಲುತ್ತಿರುತ್ತದೆ, ಅಂದರೆ ಮೂರು ನಾಲ್ಕು ವರ್ಷಗಳ ಸಹಜ ವಿಕಿರಣ ಒಂದು ದಿನದಲ್ಲಿ ಸೇರಿದಂತೆ. ಇದನ್ನು ಸೊನ್ನೆ ಎಂದು ನಾನು ಹೇಳುವುದಿಲ್ಲ. 58ರ ವಯಸ್ಸಿನಲ್ಲಿ, ಮೂಳೆಯನ್ನೂ ಮೂತ್ರಪಿಂಡವನ್ನೂ ತಿನ್ನುತ್ತಿರುವ ಗಡ್ಡೆಯ ಎದುರಿನಲ್ಲಿ ಇದು ಹೊರಬಹುದಾದ ಭಾರ. ಟೆಕ್ನೀಷಿಯಂ-99ಎಂನ ಅರ್ಧಾಯುಷ್ಯ 6 ಗಂಟೆ, ಒಂದು ದಿನ ಕಳೆಯುವಾಗ ಹದಿನಾರರಲ್ಲಿ ಒಂದು ಭಾಗವೂ ಉಳಿದಿರುವುದಿಲ್ಲ, ಏಕೆಂದರೆ ಮೂತ್ರ ಮತ್ತು ಮಲದಲ್ಲಿಯೂ ಅದು ಹೊರಹೋಗುತ್ತದೆ. ಆ ದಿನ ರಾತ್ರಿ ಮೊಮ್ಮಗು ಅಜ್ಜಿಯ ಪಕ್ಕದಲ್ಲಿ ಮಲಗುವುದು ಬೇಡ, ಗಂಟೆಗಟ್ಟಲೆ ಮಡಿಲಲ್ಲಿ ಕೂರುವುದೂ ಬೇಡ. ಮರುದಿನದಿಂದ ಯಾವ ಅಡ್ಡಿಯೂ ಇಲ್ಲ.

ರಾಗಿ ಮತ್ತು ಹಾಲಿನ ವಿಷಯದಲ್ಲಿ ನೀವು ಮಾಡಿರುವುದು ಸರಿಯಲ್ಲ, ಇದನ್ನು ಸಾಕಷ್ಟು ಮನೆಗಳಲ್ಲಿ ನೋಡುತ್ತೇನೆ. ಇವರ ರಕ್ತದಲ್ಲಿ ಏರಿರುವ ಕ್ಯಾಲ್ಸಿಯಂ ಮೂಳೆಯಿಂದ ಹೊರಬರುತ್ತಿರುವುದು. ಊಟದಿಂದ ಬರುವುದನ್ನು ಪೂರ್ತಿ ಕಡಿದರೆ ಪಿಟಿಎಚ್ ಇನ್ನೂ ಏರಿ ಮೂಳೆ ಇನ್ನಷ್ಟು ಸವೆಯುತ್ತದೆ. ಹಿಂದಿನಂತೆಯೇ ಹದವಾಗಿ ಊಟ ಮಾಡಲಿ, ನೀರು ಚೆನ್ನಾಗಿ ಕುಡಿಯಲಿ. ಕ್ಯಾಲ್ಸಿಯಂ ಮಾತ್ರೆಯನ್ನು ಮಾತ್ರ ತಾವಾಗಿಯೇ ತೆಗೆದುಕೊಳ್ಳಬಾರದು. ವಿಟಮಿನ್ ಡಿ ಕಡಿಮೆಯಿದ್ದರೆ ಅದನ್ನು ಎಷ್ಟು ತುಂಬಬೇಕೆಂದು ನಿಮ್ಮ ಎಂಡೋಕ್ರೈನ್ (ಹಾರ್ಮೋನ್) ವೈದ್ಯರು ಹೇಳಲಿ.

ಗಡ್ಡೆ ಥೈಮಸ್ಸಿನಲ್ಲಿ ಕಂಡರೆ ಎದೆಯನ್ನೇ ತೆರೆಯಬೇಕಾಗುತ್ತದೆಂದು ಹೆದರಬೇಡಿ. ಮಹಾಪಧಮನಿಯ ಕಮಾನಿಗಿಂತ ಮೇಲಿರುವವುಗಳಲ್ಲಿ ಬಹುಪಾಲನ್ನು ಕುತ್ತಿಗೆಯ ಮೂಲಕವೇ, ಥೈಮಸ್ಸಿನ ತುದಿಯನ್ನು ಮೆಲ್ಲಗೆ ಮೇಲೆಳೆದು ತೆಗೆಯುತ್ತಾರೆ. ಅದಕ್ಕಿಂತ ಕೆಳಗಿದ್ದರೆ ಪಕ್ಕೆಲುಬುಗಳ ನಡುವೆ ಸಣ್ಣ ತೂತುಗಳ ಮೂಲಕ ದುರ್ಬೀನಿನಿಂದ ತೆಗೆಯುವ ವಿಧಾನವಿದೆ. ಈ ಎರಡರಲ್ಲಿ ಯಾವುದು ಎಂದು ಮೊದಲೇ ತೀರ್ಮಾನಿಸಲು ಬೇಕಾದದ್ದು ಸ್ಪೆಕ್ಟ್-ಸಿಟಿ ಕೊಡುವ ಆ ವಿಳಾಸವೇ. ಗಡ್ಡೆ ತೆಗೆದ ಹತ್ತು ನಿಮಿಷಕ್ಕೆ ಆಪರೇಷನ್ ಮೇಜಿನಲ್ಲಿಯೇ ಪಿಟಿಎಚ್ ನೋಡುವ ಸೌಲಭ್ಯವಿರುವ ಕಡೆ ಹೋಗುವುದು ಒಳ್ಳೆಯದು. ಅದು ಅರ್ಧಕ್ಕಿಂತ ಕೆಳಗೆ ಇಳಿದರೆ ಸರಿಯಾದ ಗ್ರಂಥಿಯೇ ಹೊರಬಂದಿದೆ ಎಂದು ಬಹುಮಟ್ಟಿಗೆ ಖಾತ್ರಿ. ಆಮೇಲಿನ ದಿನಗಳಲ್ಲಿ ಹಸಿದಿದ್ದ ಮೂಳೆಗಳು ಕ್ಯಾಲ್ಸಿಯಮ್ಮನ್ನು ಒಮ್ಮೆಲೇ ಎಳೆದುಕೊಳ್ಳುವುದರಿಂದ ತುಟಿ, ಬೆರಳ ತುದಿ ಜುಮ್ಮೆನ್ನಬಹುದು. ಹಾಗಾದರೆ ಕೂಡಲೇ ತಿಳಿಸಬೇಕು.

ಸ್ಕ್ಯಾನಿಗೆ ಸಮಯ ಗೊತ್ತುಮಾಡುವಾಗ ಒಂದು ಪ್ರಶ್ನೆ ಕೇಳಿ: ಸ್ಪೆಕ್ಟ್-ಸಿಟಿ ದವಡೆಯಿಂದ ಹೃದಯದವರೆಗೆ ಪೂರ್ತಿ ಆಗುತ್ತದೆಯೇ? ಕುತ್ತಿಗೆಗೆ ಮಾತ್ರ ಎಂದರೆ ನಿಮ್ಮ ತಾಯಿಯವರ ವಿಷಯದಲ್ಲಿ ಅದು ಸಾಲದು. ಉಪವಾಸ ಸಾಮಾನ್ಯವಾಗಿ ಬೇಕಿಲ್ಲ. ಕೆಲವು ಕಡೆ ಥೈರಾಯ್ಡಿನ ಚಿತ್ರವನ್ನು ಬೇರೆ ಔಷಧದಿಂದ ತೆಗೆದು, ಸೆಸ್ಟಮಿಬಿ ಚಿತ್ರದಿಂದ ಅದನ್ನು ಕಳೆಯುತ್ತಾರೆ, ಆದ್ದರಿಂದ ಥೈರಾಯ್ಡ್ ಮಾತ್ರೆ ನುಂಗುತ್ತಿದ್ದರೆ, ಇತ್ತೀಚೆಗೆ ಬಣ್ಣದ ಔಷಧ ಕೊಟ್ಟು ಸಿಟಿ ಆಗಿದ್ದರೆ ಮೊದಲೇ ಹೇಳಿ. ಚಿತ್ರ ತೆಗೆಯುವ ಸುಮಾರು ಇಪ್ಪತ್ತು ನಿಮಿಷ ಭುಜದ ಕೆಳಗೆ ದಿಂಬಿಟ್ಟು, ಗಲ್ಲ ಮೇಲಕ್ಕೆತ್ತಿ ಅಲುಗಾಡದೆ ಮಲಗಬೇಕು. ಕೆಮ್ಮಿದ್ದರೆ ಅದು ಇಳಿದ ಮೇಲೆಯೇ ಬನ್ನಿ. ಕೊರಳಿನ ಲೋಹ ಸಿಟಿಯಲ್ಲಿ ಗೆರೆಗಳನ್ನು ಎಳೆದು ನಮಗೆ ಬೇಕಾದ ಜಾಗವನ್ನೇ ಕೆಡಿಸುತ್ತದೆ, ಹಾಗಾಗಿ ಕರಿಮಣಿ ತೆಗೆಯಬೇಕಾಗುತ್ತದೆ. ಮನಸ್ಸು ಒಪ್ಪದಿದ್ದರೆ ಅರಿಶಿನದ ದಾರ ಕಟ್ಟಿಕೊಂಡು ಬರಲಿ, ನಮ್ಮಲ್ಲಿ ಎಷ್ಟೋ ತಾಯಂದಿರು ಹಾಗೆಯೇ ಬರುತ್ತಾರೆ, ಅದರಿಂದ ಚಿತ್ರಕ್ಕೆ ಏನೂ ಆಗುವುದಿಲ್ಲ. ಡೊಂಬಿವಲಿಯಿಂದ ಬೆಳಿಗ್ಗೆ ಬಂದರೆ ಮಧ್ಯಾಹ್ನ ಎರಡು ಮೂರು ಗಂಟೆಯೊಳಗೆ ಎಲ್ಲ ಮುಗಿಯುತ್ತದೆ.

ಬರುವಾಗ ಹಳೆಯ ನ್ಯೂಕ್ಲಿಯರ್ ಸ್ಕ್ಯಾನಿನ ವರದಿಯ ಜೊತೆಗೆ ಅದರ ಚಿತ್ರಗಳನ್ನೂ, ಮೊದಲಿನ ಆಪರೇಷನ್ನಿನ ಪೂರ್ತಿ ಟಿಪ್ಪಣಿಯನ್ನೂ, ಆಗ ತುಣುಕು ಏನಾದರೂ ಪರೀಕ್ಷೆಗೆ ಕಳುಹಿಸಿದ್ದರೆ ಅದರ ಬಯಾಪ್ಸಿ ಕಾಗದವನ್ನೂ ತನ್ನಿ. ಆ ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಅರ್ಜಿ ಕೊಟ್ಟರೆ ಪ್ರತಿ ಕೊಡುತ್ತಾರೆ, ಈ ವಾರವೇ ಕೇಳಿಬಿಡಿ. ಸ್ಕ್ಯಾನ್ ಆದ ಮೇಲೆ ಹೊಸ ಚಿತ್ರಗಳ ಸಿಡಿಯನ್ನು ಕೇಳಿ ಪಡೆದು ನಿಮ್ಮ ಶಸ್ತ್ರಚಿಕಿತ್ಸಕರ ಕೈಗೇ ಕೊಡಿ. ಅವರು ನಮ್ಮ ವರದಿಯನ್ನು ಒಮ್ಮೆ ಓದುತ್ತಾರೆ, ಪದರಗಳನ್ನು ಆಪರೇಷನ್ನಿನ ಹಿಂದಿನ ರಾತ್ರಿ ಮತ್ತೆ ಮತ್ತೆ ನೋಡುತ್ತಾರೆ.